ಬಾಟಲಿಯ ಗೆರೆ, ಸಿರಿಂಜಿನ ಗೆರೆ: ಮಕ್ಕಳ ಆ್ಯಂಟಿಬಯೋಟಿಕ್ ಕುರಿತು ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳಿಗೆ ಆ್ಯಂಟಿಬಯೋಟಿಕ್ ಕೊಡುವ ವಿಷಯದ್ದೇ. ಎಲ್ಲವನ್ನೂ ಒಟ್ಟಿಗೆ ಇಟ್ಟು ಓದಿದಾಗ ಒಂದು ಸಂಗತಿ ಎದ್ದು ಕಂಡಿತು. ಡಾಕ್ಟರು ಬರೆದ ಔಷಧ ಸರಿಯಾಗಿಯೇ ಇರುತ್ತದೆ, ಅಂಗಡಿಯವರು ಕೊಟ್ಟದ್ದೂ ಅದನ್ನೇ. ತಪ್ಪಾಗುವುದು ಬಾಟಲಿಗೂ ಮಗುವಿನ ಬಾಯಿಗೂ ನಡುವೆ. ಹಾಗಾಗಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಬಾಟಲಿಯಲ್ಲಿ ಬರೀ ಪುಡಿ ಇತ್ತು. ಬಿಸಿನೀರು ಹಾಕಿ ಗೆರೆಯವರೆಗೆ ತುಂಬಿಸಿ ಕಲಕಿದೆ. ಪುಡಿ ಗಂಟುಗಟ್ಟಿ ತಳಕ್ಕೆ ಅಂಟಿಕೊಂಡಿತು. ನೊರೆ ಇಳಿದ ಮೇಲೆ ನೋಡಿದರೆ ಔಷಧ ಗೆರೆಗಿಂತ ಕೆಳಗಿದೆ. ಅದನ್ನೇ ಕೊಡಬಹುದೇ?

ಉತ್ತರ: ಆ ಬಾಟಲಿಯನ್ನು ಬಳಸಬೇಡಿ, ಹೊಸದೊಂದು ತನ್ನಿ. ಬಿಸಿನೀರು ಔಷಧವನ್ನು ಬೇಗ ಹಾಳು ಮಾಡುತ್ತದೆ. ಗಂಟುಗಟ್ಟಿದ ಪುಡಿ ಎಲ್ಲ ಡೋಸಿಗೂ ಸಮನಾಗಿ ಹಂಚಿಕೊಳ್ಳುವುದಿಲ್ಲ.

ಕಲಸುವ ಕ್ರಮ ಹೀಗೆ. ನೀರನ್ನು ಮೊದಲೇ ಕುದಿಸಿ, ಮುಚ್ಚಿಟ್ಟು, ಪೂರ್ತಿ ತಣ್ಣಗಾಗಲು ಬಿಡಿ. ಬಾಟಲಿಯ ಮುಚ್ಚಳ ತೆಗೆಯುವ ಮೊದಲು ಅದನ್ನು ತಲೆಕೆಳಗು ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ, ತಳದಲ್ಲಿ ಗಟ್ಟಿಯಾಗಿ ಕೂತ ಪುಡಿ ಸಡಿಲವಾಗಬೇಕು. ಈಗ ಮುಚ್ಚಳ ತೆಗೆದು ಗೆರೆಯ ಅರ್ಧದಷ್ಟು ನೀರು ಹಾಕಿ, ಮುಚ್ಚಿ, ಜೋರಾಗಿ ಕುಲುಕಿ. ತಳದ ಮೂಲೆಯಲ್ಲಿ ಒಣ ಪುಡಿ ಉಳಿದಿಲ್ಲ ಎಂದು ಬೆಳಕಿಗೆ ಹಿಡಿದು ನೋಡಿ. ಆಮೇಲೆ ಗೆರೆಯ ಹತ್ತಿರದವರೆಗೆ ನೀರು ಹಾಕಿ ಮತ್ತೆ ಕುಲುಕಿ. ಬಾಟಲಿಯನ್ನು ಸಮತಟ್ಟಾದ ಜಾಗದಲ್ಲಿಟ್ಟು ಐದು ನಿಮಿಷ ಕಾಯಿರಿ. ನೊರೆ ಇಳಿದಾಗ ಮಟ್ಟ ಕೆಳಗೆ ಬಂದಿರುತ್ತದೆ. ಸರಿಯಾಗಿ ಗೆರೆಗೆ ಬರುವಷ್ಟು ನೀರು ಸೇರಿಸಿ ಕೊನೆಯದಾಗಿ ಕುಲುಕಿ. ನೊರೆಯನ್ನೇ ಔಷಧವೆಂದು ಅಳೆದು ನಿಲ್ಲಿಸಿದರೆ ನೀರು ಕಡಿಮೆಯಾಗಿ ಪ್ರತಿ ಡೋಸೂ ಗಟ್ಟಿಯಾಗುತ್ತದೆ, ಗೆರೆ ದಾಟಿಸಿದರೆ ತೆಳುವಾಗುತ್ತದೆ. ಕೆಲವು ಕಂಪನಿಗಳು ಗೆರೆಯ ಬದಲು ನೀರಿನ ಪುಟ್ಟ ಬಾಟಲಿಯನ್ನೇ ಜೊತೆಗೆ ಕೊಡುತ್ತವೆ. ಆಗ ಅದನ್ನು ಪೂರ್ತಿ ಸುರಿಯಬೇಕು, ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕೈ ಅಭ್ಯಾಸವಿಲ್ಲದವರು ಅಂಗಡಿಯಲ್ಲೇ ಕಲಸಿಕೊಡಿ ಎಂದು ಕೇಳಿ. ಅದರಲ್ಲಿ ಸಂಕೋಚ ಬೇಡ.

ಇದನ್ನು ಪುಡಿಯಾಗಿ ಮಾರುವುದೇ ಏಕೆಂದರೆ ಪೆನಿಸಿಲಿನ್ ಕುಟುಂಬದ ಔಷಧಗಳು ನೀರು ಸೋಕಿದ ಕ್ಷಣದಿಂದ ನಿಧಾನವಾಗಿ ಒಡೆಯಲು ಶುರುವಾಗುತ್ತವೆ. ಕಲಸಿದ ದಿನವೇ ಅವುಗಳ ಆಯಸ್ಸಿನ ಲೆಕ್ಕ ಆರಂಭ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಎಂಬ ಸಹಾಯಕ ಔಷಧ ಇರುವ ಸಿರಪ್ಪನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು. ಫ್ರಿಜ್ಜಿನ ಬಾಗಿಲಲ್ಲಿ ಬಿಸಿ-ತಂಪು ಏರಿಳಿಯುತ್ತಿರುತ್ತದೆ, ಅಲ್ಲಿ ಬೇಡ. ಫ್ರೀಜರ್ ಅಂತೂ ಬೇಡವೇ ಬೇಡ. ಕ್ಲಾರಿಥ್ರೋಮೈಸಿನ್ ಸಿರಪ್ ಇದಕ್ಕೆ ತದ್ವಿರುದ್ಧ: ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ, ಕಹಿಯೂ ಹೆಚ್ಚಾಗುತ್ತದೆ, ಹೊರಗೇ ಇಡಬೇಕು. ಉಳಿದ ಔಷಧಗಳ ಅವಧಿ ಒಂದೊಂದಕ್ಕೂ ಬೇರೆ, ಲೇಬಲ್ ಹೇಳಿದ್ದೇ ಲೆಕ್ಕ. ಕಲಸಿದ ತಾರೀಖು, ಎಸೆಯಬೇಕಾದ ತಾರೀಖು ಎರಡನ್ನೂ ಪೆನ್ನಿನಲ್ಲಿ ಬಾಟಲಿಯ ಮೇಲೆ ಬರೆದುಬಿಡಿ. 10 ದಿನದ ಕೋರ್ಸಿಗೆ 7 ದಿನದ ಬಾಟಲಿಯಾದರೆ ಎರಡು ಬಾಟಲಿ ಬೇಕಾಗುತ್ತದೆ. ಎರಡನೆಯದನ್ನು ಮೊದಲನೆಯದು ಮುಗಿದ ಮೇಲೆಯೇ ಕಲಸಿ.

ಇನ್ನೊಂದು ಮಾತು. ಔಷಧದ ಕಣಗಳು ನೀರಿನಲ್ಲಿ ಕರಗಿರುವುದಿಲ್ಲ, ತೇಲುತ್ತಿರುತ್ತವೆ. ನಿಂತಲ್ಲೇ ಕೆಳಗಿಳಿಯುತ್ತವೆ. ಪ್ರತಿ ಸಲವೂ ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಸಿಹಿನೀರು, ಕೊನೆಯ ದಿನಗಳಲ್ಲಿ ತಳದ ಗಷ್ಟು.

ಪ್ರಶ್ನೆ: ಹೋದ ಸಲ ಡಾಕ್ಟರು 12 ಮಿ.ಲೀ. ಕೊಡಿ ಎಂದಿದ್ದರು. ಈ ಸಲ ಅದೇ ಔಷಧ, ಅದೇ ಹೆಸರು, 6 ಮಿ.ಲೀ. ಎಂದಿದ್ದಾರೆ. ಮಗು ಬೆಳೆದಿದೆ, ಡೋಸ್ ಇಳಿದದ್ದು ಹೇಗೆ?

ಉತ್ತರ: ಡೋಸ್ ಇಳಿದಿಲ್ಲ, ಬಾಟಲಿ ಬದಲಾಗಿದೆ. ಇಷ್ಟು ಗಮನಿಸಿ ಕೇಳಿದ್ದಕ್ಕೆ ನಿಮ್ಮನ್ನು ಮೆಚ್ಚಬೇಕು. ಮಕ್ಕಳ ಔಷಧದಲ್ಲಿ ಅತಿ ದೊಡ್ಡ ಎಡವಟ್ಟುಗಳು ನಡೆಯುವುದು ಇಲ್ಲೇ.

ಡಾಕ್ಟರು ಮನಸ್ಸಿನಲ್ಲಿ ಲೆಕ್ಕ ಹಾಕುವುದು ಮಿಲಿಗ್ರಾಂನಲ್ಲಿ, ಅದೂ ಮಗುವಿನ ತೂಕದ ಮೇಲೆ. ನೀವು ಅಳೆಯುವುದು ಮಿಲಿಲೀಟರ್‌ನಲ್ಲಿ. ಎರಡರ ನಡುವಿನ ಸೇತುವೆ ಎಂದರೆ ಲೇಬಲ್ ಮೇಲೆ ಬರೆದಿರುವ ಸಾಂದ್ರತೆ. 12 ಕೆ.ಜಿ. ತೂಕದ ಮಗುವಿಗೆ ಒಂದು ಸಲಕ್ಕೆ 300 ಮಿ.ಗ್ರಾಂ. ಅಮಾಕ್ಸಿಸಿಲಿನ್ ಬೇಕು ಎಂದುಕೊಳ್ಳಿ. 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವ ಸಿರಪ್ ಆದರೆ ಅದು 12 ಮಿ.ಲೀ. ಆಯಿತು. 5 ಮಿ.ಲೀ.ಗೆ 250 ಇರುವುದಾದರೆ 6 ಮಿ.ಲೀ. ಹಸುಗೂಸುಗಳಿಗೆಂದು ಬರುವ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ. ಇರುವುದುಂಟು, ಆಗ ಬರೀ 3 ಮಿ.ಲೀ. ಡ್ರಾಪ್ಸ್ ಎಂದರೆ ಚಿಕ್ಕ ಮಕ್ಕಳದ್ದು, ಆದ್ದರಿಂದ ತೆಳುವಾಗಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಡ್ರಾಪ್ಸೇ ಹೆಚ್ಚು ಗಟ್ಟಿ. ಸಿರಪ್ಪಿನ ಅಳತೆಯಲ್ಲಿ 12 ಮಿ.ಲೀ. ಡ್ರಾಪ್ಸ್ ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು 300 ಅಲ್ಲ, 1200 ಮಿ.ಗ್ರಾಂ.

ಹಾಗಾಗಿ ಚೀಟಿ ಕೈಗೆ ಬಂದಾಗಲೇ ಕೇಳಿ: 'ಇದು ಎಷ್ಟು ಮಿ.ಗ್ರಾಂ., ಯಾವ ಸಾಂದ್ರತೆಯ ಬಾಟಲಿಯಲ್ಲಿ ಎಷ್ಟು ಮಿ.ಲೀ.?' ಅಂಗಡಿಯಲ್ಲಿ 'ಅದು ಇಲ್ಲ, ಇದೂ ಅದೇ' ಎಂದು ಬೇರೆ ಕಂಪನಿಯದ್ದನ್ನು ಕೊಟ್ಟರೆ 5 ಮಿ.ಲೀ.ಗೆ ಎಷ್ಟಿದೆ ಎಂಬ ಅಂಕಿ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿ. ಕ್ಲಾವುಲನೇಟ್ ಬೆರೆತ ಸಿರಪ್ಪಿನ ಮೇಲೆ 228.5 ಅಥವಾ 457 ಎಂಬ ಅಂಕಿ ಇರುತ್ತದೆ. ಅದು ಎರಡೂ ಔಷಧಗಳ ಮೊತ್ತ: 200ಕ್ಕೆ 28.5, 400ಕ್ಕೆ 57. ಡಾಕ್ಟರು ಲೆಕ್ಕ ಹಾಕಿರುವುದು ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಭಾಗದ ಮೇಲೆ. ದೊಡ್ಡವರ 625ರ ಮಾತ್ರೆಯನ್ನು ಮುರಿದು ಮಗುವಿಗೆ ಕೊಡುವುದು ಇದೇ ಕಾರಣಕ್ಕೆ ತಪ್ಪು. ಅದರಲ್ಲಿ 500ಕ್ಕೆ 125ರಷ್ಟು ಕ್ಲಾವುಲನೇಟ್ ಇದೆ. ಮಕ್ಕಳ ಸಿರಪ್ಪಿಗೆ ಹೋಲಿಸಿದರೆ ಆ ಪಾಲು ಬಹಳ ಹೆಚ್ಚು, ಹೊಟ್ಟೆ ಕೆಡುವುದು ಅದರಿಂದಲೇ.

ಪ್ರತಿ ಸಲವೂ ಮಗುವನ್ನು ತೂಗಿಸಿ. ಆರು ತಿಂಗಳ ಹಿಂದಿನ ತೂಕ ಹೇಳಿ ಬರೆಸಿಕೊಂಡ ಡೋಸು ಇವತ್ತಿನ ಮಗುವಿಗೆ ಸಾಲದೆ ಹೋಗಬಹುದು.

ಪ್ರಶ್ನೆ: ಮಗಳು ಔಷಧ ಕಂಡರೆ ಸಾಕು ಬಾಯಿ ಬಿಗಿಹಿಡಿಯುತ್ತಾಳೆ. ಮೂಗು ಹಿಡಿದು ಚಮಚದಲ್ಲಿ ಹುಯ್ಯುತ್ತೇವೆ. ಅರ್ಧ ಉಗಿಯುತ್ತಾಳೆ, ಕೆಲವೊಮ್ಮೆ ವಾಂತಿ. ಮತ್ತೆ ಕೊಡಬೇಕೇ?

ಉತ್ತರ: ಮೂಗು ಹಿಡಿಯುವುದನ್ನು ಇವತ್ತೇ ಬಿಟ್ಟುಬಿಡಿ. ಉಸಿರಿಗೆ ಬಾಯಿ ತೆರೆದ ಕ್ಷಣದಲ್ಲೇ ಔಷಧ ಬಿದ್ದರೆ ಅದು ಶ್ವಾಸನಾಳಕ್ಕೆ ಹೋಗುತ್ತದೆ. ಮಲಗಿಸಿ ಕೊಡುವುದೂ ಅಷ್ಟೇ ಅಪಾಯ.

ಚಮಚವನ್ನೂ ಬಿಡಿ. ಮನೆಯ ಚಮಚ ಒಂದೊಂದು ಒಂದೊಂದು ಅಳತೆ. ಸೂಜಿಯಿಲ್ಲದ, ಬಾಯಿಗೆ ಕೊಡುವ ಸಿರಿಂಜ್ ಸಿಗುತ್ತದೆ, 5 ಅಥವಾ 10 ಮಿ.ಲೀ.ಯದ್ದು ತನ್ನಿ. ಅದರ ತುದಿಗೆ ಪುಟ್ಟ ಮುಚ್ಚಳವಿದ್ದರೆ ತೆಗೆದು ಎಸೆಯಿರಿ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು ಅದು. ಔಷಧ ಎಳೆದ ಮೇಲೆ ಸಿರಿಂಜನ್ನು ತುದಿ ಮೇಲಾಗಿ ಹಿಡಿದು ಬೆರಳಿನಿಂದ ತಟ್ಟಿ ಗಾಳಿಗುಳ್ಳೆ ಹೊರಹಾಕಿ. ಆಮೇಲೆ ಕಣ್ಣಿನ ಮಟ್ಟಕ್ಕೆ ತಂದು, ಒಳಗಿನ ಕಪ್ಪು ರಬ್ಬರಿನ ಮೇಲಂಚು, ಅಂದರೆ ಔಷಧಕ್ಕೆ ತಾಗಿರುವ ಅಂಚು, ಯಾವ ಗೆರೆಯಲ್ಲಿದೆ ನೋಡಿ. ರಬ್ಬರಿನ ತುದಿ ಗೋಪುರದಂತೆ ಚೂಪಾಗಿದ್ದರೆ ಚೂಪಿನ ತುದಿಯನ್ನಲ್ಲ, ಸುತ್ತಲಿನ ಅಗಲವಾದ ಬಳೆಯನ್ನು ಓದಬೇಕು.

ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಒಂದು ಕೈಯನ್ನು ನಿಮ್ಮ ಬೆನ್ನ ಹಿಂದಕ್ಕೆ ಬಿಟ್ಟು, ಇನ್ನೊಂದನ್ನು ಮೆಲ್ಲಗೆ ಹಿಡಿದುಕೊಳ್ಳಿ. ಸಿರಿಂಜಿನ ತುದಿ ಹೋಗಬೇಕಾದದ್ದು ನಾಲಿಗೆಯ ಮೇಲಕ್ಕಲ್ಲ, ಗಂಟಲಿಗಂತೂ ಅಲ್ಲ. ಒಸಡಿಗೂ ಕೆನ್ನೆಗೂ ನಡುವಿನ ಸಂದಿಗೆ. ಒಂದು ಸಲಕ್ಕೆ ಅರ್ಧದಿಂದ 1 ಮಿ.ಲೀ. ಬಿಡಿ, ನುಂಗಲಿ, ಮತ್ತೆ ಬಿಡಿ. ನಾಲಿಗೆಯ ಹಿಂಭಾಗಕ್ಕೆ ತಾಗಿದರೆ ಕಹಿಯೂ ಗೊತ್ತಾಗುತ್ತದೆ, ಓಕರಿಕೆಯೂ ಬರುತ್ತದೆ. ತಣ್ಣಗಿದ್ದರೆ ರುಚಿ ಅಷ್ಟಾಗಿ ನಾಲಿಗೆಗೆ ಹತ್ತುವುದಿಲ್ಲ. ಹಾಲಿನ ಬಾಟಲಿಗೆ ಬೆರೆಸಬೇಡಿ. ಮಗು ಅರ್ಧ ಕುಡಿದು ಮುಖ ತಿರುಗಿಸಿದರೆ ಎಷ್ಟು ಔಷಧ ಒಳಗೆ ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬೆರೆಸಲೇಬೇಕಾದರೆ ಒಂದು ಚಮಚ ಆಹಾರಕ್ಕೆ, ಅದೂ ಬಿಸಿಯಿಲ್ಲದ್ದಕ್ಕೆ, ಆ ಔಷಧಕ್ಕೆ ಅದು ಸರಿಯೇ ಎಂದು ಕೇಳಿಕೊಂಡು.

ವಾಂತಿಗೆ ಬಂದರೆ ಗಡಿಯಾರ ನೋಡಿ. ಕೊಟ್ಟು 30 ನಿಮಿಷದೊಳಗೆ ಕಕ್ಕಿದರೆ ಅದೇ ಡೋಸನ್ನು ಇನ್ನೊಮ್ಮೆ ಕೊಡಿ. 30 ನಿಮಿಷ ದಾಟಿದ್ದರೆ ಬೇಡ, ಮುಂದಿನ ಹೊತ್ತಿಗೆ ಕೊಡಿ. ಎರಡನೇ ಸಲವೂ ಕಕ್ಕಿದರೆ ಮೂರನೆಯದನ್ನು ಪ್ರಯತ್ನಿಸದೆ ಡಾಕ್ಟರಿಗೆ ತಿಳಿಸಿ. ಏನು ಕೊಟ್ಟರೂ ಹೊರಹಾಕುವ ಮಗುವಿಗೆ ಇಂಜೆಕ್ಷನ್ ಬೇಕಾಗಬಹುದು. ಉಗಿದದ್ದರ ಲೆಕ್ಕ ಕಷ್ಟ. ತುಟಿಯಂಚಿನಲ್ಲಿ ಒಸರಿದ ನಾಲ್ಕು ಹನಿಗೆ ತಲೆಕೆಡಿಸಿಕೊಳ್ಳಬೇಡಿ. ಬಾಯಿತುಂಬ ಇದ್ದದ್ದು ಪೂರ್ತಿ ಹೊರಬಿದ್ದದ್ದನ್ನು ಕಣ್ಣಾರೆ ಕಂಡಿದ್ದರೆ ಮಾತ್ರ ಮತ್ತೆ ಕೊಡಿ.

ಪ್ರಶ್ನೆ: ಎರಡನೇ ದಿನಕ್ಕೇ ಜ್ವರ ಬಿಟ್ಟಿತು, ಮಗ ಆಡುತ್ತಿದ್ದಾನೆ. 10 ದಿನ ಕೊಡಿ ಎಂದಿದ್ದಾರೆ. ಈಗಿನ ಕಾಲದಲ್ಲಿ ಕಡಿಮೆ ದಿನವೇ ಸಾಕು ಎಂದೂ ಓದಿದೆ. ನಿಲ್ಲಿಸಲೇ?

ಉತ್ತರ: ನಿಲ್ಲಿಸಬೇಡಿ. ಆದರೆ ನೀವು ಓದಿದ್ದು ಸುಳ್ಳಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ದಿನಗಳ ಸಂಖ್ಯೆ ಮಗುವಿನ ಲವಲವಿಕೆಯ ಮೇಲೆ ನಿಂತಿಲ್ಲ. ಯಾವ ರೋಗಾಣು, ದೇಹದ ಯಾವ ಜಾಗದಲ್ಲಿ ಎಂಬುದರ ಮೇಲೆ ನಿಂತಿದೆ. ನ್ಯುಮೋನಿಯಾವನ್ನೇ ತೆಗೆದುಕೊಳ್ಳಿ. ಬ್ರಿಟನ್ ಮತ್ತು ಐರ್ಲೆಂಡಿನ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಗೆ ಕಳಿಸಬಹುದಾದಷ್ಟು ಸೌಮ್ಯ ನ್ಯುಮೋನಿಯಾ ಇದ್ದ ಮಕ್ಕಳಿಗೆ 3 ದಿನದ ಅಮಾಕ್ಸಿಸಿಲಿನ್ 7 ದಿನದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಇದನ್ನು ಓದಿ ಎಲ್ಲ ಕೋರ್ಸೂ ಮೊಟಕುಗೊಳಿಸಬಹುದು ಎಂದು ಹೊರಟರೆ ಕಿವಿಸೋಂಕಿನಲ್ಲಿ ಪೆಟ್ಟು ಬೀಳುತ್ತದೆ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 6ರಿಂದ 23 ತಿಂಗಳ ಮಕ್ಕಳ ನಡುಗಿವಿ ಸೋಂಕಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೊಟ್ಟಾಗ 5 ದಿನದ ಗುಂಪಿನಲ್ಲಿ ಶೇ 34 ಮಕ್ಕಳಲ್ಲಿ ಚಿಕಿತ್ಸೆ ವಿಫಲವಾಯಿತು, 10 ದಿನದ ಗುಂಪಿನಲ್ಲಿ ಶೇ 16ರಲ್ಲಿ.

ನಿಮ್ಮ ಮಗನಿಗೆ 10 ದಿನ ಬರೆದಿರುವುದು ಸ್ಟ್ರೆಪ್ಟೋಕಾಕಸ್ ಗಂಟಲು ಸೋಂಕಿಗೆ ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಅಲ್ಲಿ ಗಂಟಲು ನೋವು ತಾನಾಗಿಯೂ ಕೆಲವೇ ದಿನದಲ್ಲಿ ಇಳಿಯುತ್ತದೆ. ಔಷಧ ಕೊಡುವುದು ನೋವಿಗಷ್ಟೇ ಅಲ್ಲ. ಆ ರೋಗಾಣು ಗಂಟಲಿನಲ್ಲಿ ಉಳಿದುಕೊಂಡರೆ ಕೆಲವು ವಾರಗಳ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಜೀವನಪೂರ್ತಿಗೆ ಹಾಳಾಗಬಹುದು. 10 ದಿನದ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಇರುವುದು ಅದನ್ನು ತಪ್ಪಿಸಲಿಕ್ಕೆ. ಆಡುತ್ತಿರುವ ಮಗುವಿನ ಗಂಟಲಿನಲ್ಲಿ ಏನಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ದಿನ ಹೆಚ್ಚಿಸುವುದೂ ಅಷ್ಟೇ ತಪ್ಪು. 'ಇನ್ನೆರಡು ದಿನ ಇರಲಿ' ಎಂದು ಉಳಿದ ಔಷಧ ಮುಗಿಸುವವರಿದ್ದಾರೆ. ಪ್ರತಿ ಡೋಸೂ ಕಾಯಿಲೆ ತಂದ ರೋಗಾಣುವಿಗೆ ಮಾತ್ರ ತಟ್ಟುವುದಿಲ್ಲ. ಮೂಗು, ಗಂಟಲು, ಕರುಳಿನಲ್ಲಿ ತಮ್ಮಷ್ಟಕ್ಕೆ ಬದುಕಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೂ ತಟ್ಟುತ್ತದೆ. ಅವುಗಳಲ್ಲಿ ಔಷಧಕ್ಕೆ ಬಗ್ಗದವು ಉಳಿದು ಹೆಚ್ಚುತ್ತವೆ, ಮುಂದೊಮ್ಮೆ ನಿಜವಾದ ಸೋಂಕಿಗೆ ಅದೇ ಔಷಧ ಕೆಲಸ ಮಾಡುವುದಿಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ಜನ ತಾವಾಗಿ ಕೊಂಡು ಸಾಲದಷ್ಟು ಡೋಸ್ ತೆಗೆದುಕೊಂಡರೆ ರೋಗಾಣುಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ ಎಂದು ಎಚ್ಚರಿಸಿದ್ದರು. ಆದ್ದರಿಂದ ಕೂಡಿಸುವುದು, ಕಳೆಯುವುದು ಎರಡೂ ಮನೆಯಲ್ಲಿ ಬೇಡ. ಬೇಗ ನಿಲ್ಲಿಸಬಹುದೇ ಎಂಬ ಪ್ರಶ್ನೆ ಒಳ್ಳೆಯದೇ, ಬರೆದವರನ್ನೇ ಕೇಳಿ.

ಪ್ರಶ್ನೆ: ಮೂಗಿನಿಂದ ಹಸಿರು ಸಿಂಬಳ, ಐದು ದಿನದಿಂದ ಕೆಮ್ಮು. ಡಾಕ್ಟರು ಆ್ಯಂಟಿಬಯೋಟಿಕ್ ಬರೆಯಲೇ ಇಲ್ಲ. ಹೋದ ಸಲದ ಅಜಿಥ್ರೋಮೈಸಿನ್ ಮನೆಯಲ್ಲಿದೆ.

ಉತ್ತರ: ಅದನ್ನು ಮುಟ್ಟಬೇಡಿ, ಡಾಕ್ಟರು ಮಾಡಿದ್ದು ಸರಿ. ಸಿಂಬಳ ಹಸಿರಾಗುವುದು ಸೋಂಕಿನ ಜೊತೆ ಹೋರಾಡಿದ ಬಿಳಿ ರಕ್ತಕಣಗಳ ಬಣ್ಣದಿಂದ. ವೈರಸ್ಸಿನ ನೆಗಡಿಯಲ್ಲೂ ಮೂರು ನಾಲ್ಕನೇ ದಿನಕ್ಕೆ ಅದು ಗಟ್ಟಿಯಾಗಿ ಬಣ್ಣ ತಿರುಗುತ್ತದೆ. ನೆಗಡಿ, ಫ್ಲೂ, ಬಹುಪಾಲು ಗಂಟಲು ನೋವು, ಬಹುಪಾಲು ಬೇಧಿ, ಇವೆಲ್ಲ ವೈರಸ್ಸಿನವು. ಆ್ಯಂಟಿಬಯೋಟಿಕ್ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ, ಕೊಟ್ಟರೆ ಬೇಧಿಯೊಂದು ಹೆಚ್ಚುವರಿ. ಸಿಂಬಳ ಮತ್ತು ಹಗಲಿನ ಕೆಮ್ಮು 10 ದಿನ ದಾಟಿಯೂ ಕಡಿಮೆಯಾಗದಿದ್ದರೆ, ಅಥವಾ ಸುಧಾರಿಸಿದ ಮಗುವಿಗೆ ಮತ್ತೆ ಜ್ವರ ಏರಿದರೆ ಮರಳಿ ತೋರಿಸಿ.

ಅಜಿಥ್ರೋಮೈಸಿನ್ ಕುರಿತು ಒಂದು ಮಾತು. ದಿನಕ್ಕೊಮ್ಮೆ, ಮೂರೇ ದಿನ, ಹಾಗಾಗಿ ಎಲ್ಲರಿಗೂ ಅಚ್ಚುಮೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪಾಗಿ ವಿಂಗಡಿಸಿದೆ: ಮೊದಲು ಕೈಗೆತ್ತಿಕೊಳ್ಳಬೇಕಾದವು, ಕಾವಲಿಟ್ಟು ಬಳಸಬೇಕಾದವು, ಕೊನೆಯ ಅಸ್ತ್ರವಾಗಿ ಕಾಪಾಡಬೇಕಾದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನಲ್ಲಿದೆ. ಅಜಿಥ್ರೋಮೈಸಿನ್, ಸೆಫಿಕ್ಸಿಮ್ ಎರಡೂ ಕಾವಲಿನ ಗುಂಪಿನವು. 'ಪವರ್‌ಫುಲ್ ಕೊಡಿ' ಎಂದು ಕೇಳಬೇಡಿ. ಹೊಂದುವ ಔಷಧ ಬೇಕು, ದೊಡ್ಡ ಔಷಧ ಅಲ್ಲ.

ಪ್ರಶ್ನೆ: ಅಮಾಕ್ಸಿಸಿಲಿನ್ ಶುರುಮಾಡಿ ಆರನೇ ದಿನ ಮೈತುಂಬ ಕೆಂಪು ಚುಕ್ಕೆ. ಅಲರ್ಜಿಯೇ? ಇನ್ನು ಯಾವತ್ತೂ ಪೆನಿಸಿಲಿನ್ ಕೊಡಬಾರದೇ?

ಉತ್ತರ: ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ತೋರಿಸಿ. ಆದರೆ 'ಅಲರ್ಜಿ' ಎಂಬ ಹಣೆಪಟ್ಟಿ ಕಟ್ಟಲು ಅವಸರ ಮಾಡಬೇಡಿ.

ನಿಜವಾದ ಅಪಾಯದ ಅಲರ್ಜಿ ಸಾಮಾನ್ಯವಾಗಿ ಡೋಸ್ ಕೊಟ್ಟ ಒಂದು ಗಂಟೆಯೊಳಗೆ ಕಾಣುತ್ತದೆ. ತುರಿಸುವ, ಉಬ್ಬಿದ, ಒಂದೆಡೆ ಅಳಿಸಿ ಇನ್ನೊಂದೆಡೆ ಏಳುವ ಗಂಧೆ. ತುಟಿ, ಕಣ್ಣಿನ ರೆಪ್ಪೆ, ನಾಲಿಗೆ ಊದುವುದು. ಧ್ವನಿ ಒಡೆಯುವುದು, ಉಬ್ಬಸ, ಮೇಲಿಂದ ಮೇಲೆ ವಾಂತಿ, ಮಗು ಬಿಳಿಚಿಕೊಂಡು ಕುಸಿಯುವುದು. ಉಸಿರು ಅಥವಾ ಪ್ರಜ್ಞೆಗೆ ತೊಂದರೆಯಾದರೆ ಅದು ಅನಫೈಲಾಕ್ಸಿಸ್. ಅದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿಯ ಸಿರಪ್ ಕುಡಿಸುತ್ತಾ ಕೂರಬಾರದು. ಮಗುವನ್ನು ನಡೆಸದೆ, ಕಾಲು ಎತ್ತರಿಸಿ ಮಲಗಿಸಿಕೊಂಡು (ಉಸಿರಾಟ ಕಷ್ಟವಿದ್ದರೆ ಕೂರಿಸಿಕೊಂಡು) ತಕ್ಷಣ ಆಸ್ಪತ್ರೆಗೆ.

ನೀವು ಬರೆದಿರುವುದು ಬೇರೆ ಚಿತ್ರ: ಹಲವು ದಿನಗಳ ನಂತರ, ಎದೆಬೆನ್ನಿನಿಂದ ಶುರುವಾದ, ಚಪ್ಪಟೆಯಾದ, ಅಷ್ಟಾಗಿ ತುರಿಸದ ಚುಕ್ಕೆ, ಮಗು ಆರಾಮಾಗಿದೆ. ಮಕ್ಕಳಲ್ಲಿ ಇಂಥದ್ದು ಬಹಳಷ್ಟು ಸಲ ವೈರಸ್ಸಿನಿಂದಲೇ ಎದ್ದಿರುತ್ತದೆ, ಅಥವಾ ಔಷಧ ಮತ್ತು ವೈರಸ್ ಸೇರಿದ್ದರಿಂದ. ಪೆನಿಸಿಲಿನ್ ಅಲರ್ಜಿ ಎಂದು ಬರೆಸಿಕೊಂಡ ಹತ್ತು ಜನರನ್ನು ಪರೀಕ್ಷಿಸಿದರೆ ಸುಮಾರು ಒಂಬತ್ತು ಜನರಿಗೆ ಅದು ಒಗ್ಗುತ್ತದೆ ಎಂದೇ ತಿಳಿಯುತ್ತದೆ. ಆ ತಪ್ಪು ಪಟ್ಟಿಯಿಂದ ಮಗುವಿಗೆ ಜೀವನವಿಡೀ ಹೆಚ್ಚು ತೀವ್ರವಾದ ಔಷಧಗಳು ಬೀಳುತ್ತವೆ. ಆದ್ದರಿಂದ ಇವತ್ತೇ ಒಂದು ಫೋಟೊ ತೆಗೆದು, ಯಾವ ಔಷಧ, ಎಷ್ಟನೇ ದಿನ, ಡೋಸ್ ಕೊಟ್ಟು ಎಷ್ಟು ಹೊತ್ತಿಗೆ, ಊತವಿತ್ತೇ ಎಂದು ಬರೆದಿಡಿ. ಕೀಲು ಊದಿದರೆ, ಬಾಯಿ ಅಥವಾ ಕಣ್ಣಿನಲ್ಲಿ ಹುಣ್ಣಾದರೆ, ಚರ್ಮ ಸುಲಿದರೆ ಅಥವಾ ಗುಳ್ಳೆ ಎದ್ದರೆ ಔಷಧ ನಿಲ್ಲಿಸಿ ಅದೇ ದಿನ ತೋರಿಸಬೇಕು.

ಪ್ರಶ್ನೆ: ಔಷಧ ಶುರುವಾದ ಮೇಲೆ ಬೇಧಿ. ನಿಲ್ಲಿಸಲೇ?

ಉತ್ತರ: ದಿನಕ್ಕೆ ಮೂರು ನಾಲ್ಕು ಸಲ ತೆಳುವಾಗಿ ಹೋಗುತ್ತಿದ್ದು ಮಗು ಚೆನ್ನಾಗಿ ಕುಡಿಯುತ್ತಿದ್ದರೆ ಮುಂದುವರಿಸಿ. ಕ್ಲಾವುಲನೇಟ್ ಇರುವ ಸಿರಪ್ಪನ್ನು ಊಟದ ಮೊದಲ ತುತ್ತಿನ ಹೊತ್ತಿಗೆ ಕೊಟ್ಟರೆ ಹೊಟ್ಟೆಯ ತೊಂದರೆ ತಗ್ಗುತ್ತದೆ. ಪ್ರತಿ ಬೇಧಿಯ ನಂತರ ಓಆರ್‌ಎಸ್ ಕುಡಿಸಿ: 2 ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200. ಬೇಧಿ ಕಟ್ಟುವ ದೊಡ್ಡವರ ಮಾತ್ರೆ ಮಕ್ಕಳಿಗೆ ಬೇಡ. ಮಲದಲ್ಲಿ ರಕ್ತ, ತೀವ್ರ ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಕಾಯಬೇಡಿ. ಬಾಯೊಳಗೆ ಒರೆಸಿದರೂ ಹೋಗದ ಬಿಳಿ ಪದರ, ಅಥವಾ ಡೈಪರ್ ಜಾಗ ಕಡುಗೆಂಪಾಗಿ ಸುತ್ತ ಸಣ್ಣ ಚುಕ್ಕೆಗಳಾದರೆ ಅದು ಫಂಗಸ್. ಅದಕ್ಕೆ ಬೇರೆ ಔಷಧವಿದೆ.

ಪ್ರಶ್ನೆ: ದಿನಕ್ಕೆ ಮೂರು ಸಲ ಎಂದರೆ ಮಲಗಿದ ಮಗುವನ್ನು ಎಬ್ಬಿಸಬೇಕೇ? ಹಾಲಿನ ಜೊತೆ ಕೊಡಬಹುದೇ?

ಉತ್ತರ: ಅಮಾಕ್ಸಿಸಿಲಿನ್‌ನಂಥ ಔಷಧ ಸುಮಾರು ಒಂದು ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ರೋಗಾಣುವನ್ನು ಕೊಲ್ಲಬೇಕಾದರೆ ಅದರ ಪ್ರಮಾಣ ಒಂದು ಮಟ್ಟಕ್ಕಿಂತ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 5ಕ್ಕೆ ಮುಗಿಸಿಬಿಟ್ಟರೆ ರಾತ್ರಿಯಿಡೀ ರೋಗಾಣುವಿಗೆ ಬಿಡುವು ಸಿಗುತ್ತದೆ. ಹಾಗಾಗಿ 6, 2, 10 ಗಂಟೆ ಒಳ್ಳೆಯ ಹಂಚಿಕೆ. ಶಾಲೆಗೆ ಹೋಗುವ ಮಗುವಾದರೆ ಎದ್ದ ಕೂಡಲೇ, ಶಾಲೆಯಿಂದ ಬಂದ ಕೂಡಲೇ, ಮಲಗುವ ಮುನ್ನ. ಎರಡು ಡೋಸುಗಳ ನಡುವೆ ಕನಿಷ್ಠ 4 ಗಂಟೆ ಇರಲಿ. ನಡುರಾತ್ರಿ ಎಬ್ಬಿಸುವ ಅಗತ್ಯವಿಲ್ಲ. ಅಜಿಥ್ರೋಮೈಸಿನ್ ಅಂಗಾಂಶಗಳಲ್ಲಿ ದಿನಗಟ್ಟಲೆ ಉಳಿಯುವುದರಿಂದ ದಿನಕ್ಕೊಂದೇ ಸಾಕು.

ಹಾಲಿನ ಜೊತೆ ಅಮಾಕ್ಸಿಸಿಲಿನ್‌ಗೆ ತೊಂದರೆಯಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ಗೆ ಇದೆ. ಕ್ಯಾಲ್ಸಿಯಂ, ಕಬ್ಬಿಣ, ಸತು ಅವನ್ನು ಕರುಳಿನಲ್ಲೇ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಟಾನಿಕ್ ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಅಣ್ಣನಿಗೆ ಕೊಟ್ಟ ಸಿರಪ್ ಉಳಿದಿದೆ. ಐದು ವಾರದ ತಮ್ಮನಿಗೆ ಮೈ ಬಿಸಿ. ಎರಡು ಹನಿ ಹಾಕಲೇ?

ಉತ್ತರ: ಬೇಡ. ಈ ಉತ್ತರ ಅಚ್ಚಾಗುವವರೆಗೆ ಕಾಯಬಾರದೆಂದು ನಿಮಗೆ ನೇರವಾಗಿಯೂ ತಿಳಿಸಿದ್ದೇವೆ. 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ಹಗಲೋ ರಾತ್ರಿಯೋ ಆಸ್ಪತ್ರೆಗೇ ಹೋಗಬೇಕು. ರಕ್ತ, ಮೂತ್ರ, ಕೆಲವೊಮ್ಮೆ ಬೆನ್ನುನೀರಿನ ಪರೀಕ್ಷೆ ಆಗಬೇಕು. ಮನೆಯಲ್ಲಿ ಎರಡು ಹನಿ ಆ್ಯಂಟಿಬಯೋಟಿಕ್ ಬಿದ್ದರೆ ರೋಗ ಸಾಯುವುದಿಲ್ಲ, ಪರೀಕ್ಷೆಯಲ್ಲಿ ರೋಗಾಣು ಬೆಳೆಯದೆ ಅಡಗಿಕೊಳ್ಳುತ್ತದೆ. ಇದೇ ಕಾರಣಕ್ಕೆ ಮೂತ್ರದ ಸೋಂಕಿನ ಅನುಮಾನ ಯಾವ ವಯಸ್ಸಿನಲ್ಲಿದ್ದರೂ, ಮಗು ತೀರಾ ಅಸ್ವಸ್ಥವಾಗಿಲ್ಲದಿದ್ದರೆ, ಮೊದಲ ಡೋಸಿಗೆ ಮುಂಚೆಯೇ ಮೂತ್ರದ ಮಾದರಿ ಕೊಡಬೇಕು.

ಎಳೆಯ ಮಕ್ಕಳಿಗೆ ಹೊಂದದ ಔಷಧಗಳೂ ಇವೆ. ಹುಟ್ಟಿದ ಮೊದಲ ವಾರಗಳಲ್ಲಿ ಎರಿಥ್ರೋಮೈಸಿನ್, ಅಜಿಥ್ರೋಮೈಸಿನ್ ಕೊಟ್ಟರೆ ಜಠರದಿಂದ ಕರುಳಿಗೆ ಹೋಗುವ ಬಾಯಿ ದಪ್ಪವಾಗಿ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಕೋಟ್ರೈಮಾಕ್ಸಜೋಲ್ ಕೊಟ್ಟರೆ ಹಸುಗೂಸಿನ ಕಾಮಾಲೆ ಮಿದುಳಿಗೆ ಏರುವ ಭಯ. ಉಳಿದ ಸಿರಪ್ಪಿನ ಸಾಂದ್ರತೆ, ವಯಸ್ಸು, ಔಷಧ ಯಾವುದೂ ತಮ್ಮನಿಗೆ ಹೊಂದುವುದಿಲ್ಲ. ಕೋರ್ಸ್ ಮುಗಿದ ದಿನವೇ ಉಳಿದದ್ದನ್ನು ಔಷಧದಂಗಡಿಯವರು ವಾಪಸ್ ಪಡೆಯುತ್ತಾರೆಯೇ ಕೇಳಿ ಕೊಟ್ಟುಬಿಡಿ.

ಪ್ರಶ್ನೆ: ಔಷಧ ಶುರುಮಾಡಿ ಒಂದೂವರೆ ದಿನವಾಯಿತು, ಜ್ವರ ಇನ್ನೂ ಇದೆ. ಬೇರೆ ಔಷಧ ಕೇಳಬೇಕೇ?

ಉತ್ತರ: ಸರಿಯಾದ ಆ್ಯಂಟಿಬಯೋಟಿಕ್‌ಗೂ 48ರಿಂದ 72 ಗಂಟೆ ಬೇಕು. ಜ್ವರದ ಏರಿಳಿತದ ನಡುವೆ ಮಗು ಕಣ್ಣರಳಿಸಿ ನೋಡುತ್ತಿದೆಯೇ, ಕುಡಿಯುತ್ತಿದೆಯೇ ನೋಡಿ. 72 ಗಂಟೆಗೂ ಇಳಿಯದಿದ್ದರೆ ಮರಳಿ ಹೋಗಿ.

ಆದರೆ ಕೆಲವಕ್ಕೆ ಗಂಟೆಯನ್ನೂ ಎಣಿಸಬಾರದು. ಮಗು ನಿದ್ರೆಯಲ್ಲಿದ್ದಾಗ ಅಥವಾ ಸುಮ್ಮನಿದ್ದಾಗ ಹೊಟ್ಟೆಯ ಏರಿಳಿತ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳೊಳಗೆ 60, 2 ತಿಂಗಳಿಂದ ಒಂದು ವರ್ಷದೊಳಗೆ 50, 1ರಿಂದ 5 ವರ್ಷದೊಳಗೆ 40, ಇದಕ್ಕೆ ಸಮ ಅಥವಾ ಹೆಚ್ಚಾದರೆ ವೇಗದ ಉಸಿರು, ಅದೇ ದಿನ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಏನೂ ಕುಡಿಯಲಾಗದಿರುವುದು, ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ನೇರಳೆ ಚುಕ್ಕೆ, ಇವುಗಳಲ್ಲಿ ಒಂದಿದ್ದರೂ ಈಗಲೇ ಹೊರಡಿ.

ಪ್ರಶ್ನೆ: ಬೆಳಿಗ್ಗೆ ನಾನು ಕೊಟ್ಟೆ. ಗೊತ್ತಿಲ್ಲದೆ ಅರ್ಧ ಗಂಟೆಯಲ್ಲಿ ಅಜ್ಜಿಯೂ ಕೊಟ್ಟರು. ಇನ್ನೊಂದು ದಿನ ಇಬ್ಬರೂ ಮರೆತೆವು.

ಉತ್ತರ: ಅಮಾಕ್ಸಿಸಿಲಿನ್ ಒಮ್ಮೆ ಎರಡು ಪಟ್ಟು ಹೋದರೆ ಸಾಮಾನ್ಯವಾಗಿ ಹೊಟ್ಟೆ ತೊಳಸುವುದು, ಬೇಧಿ ಬಿಟ್ಟರೆ ಹೆಚ್ಚೇನೂ ಆಗುವುದಿಲ್ಲ. ವಾಂತಿ ಮಾಡಿಸಬೇಡಿ. ಡಾಕ್ಟರಿಗೆ ಫೋನ್ ಮಾಡಿ ಔಷಧದ ಹೆಸರು, ಸಾಂದ್ರತೆ, ಮಗುವಿನ ತೂಕ ಹೇಳಿ. ಬೇರೆ ಔಷಧವಾದರೆ, ಮಗುವಿಗೆ ಮೂತ್ರಪಿಂಡದ ತೊಂದರೆಯಿದ್ದರೆ ಈ ಫೋನ್ ಇನ್ನೂ ಮುಖ್ಯ. ಮರೆತ ಡೋಸನ್ನು ನೆನಪಾದ ಕೂಡಲೇ ಕೊಡಿ. ಮುಂದಿನದಕ್ಕೆ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡನ್ನೂ ಸೇರಿಸಿ ಕೊಡಬೇಡಿ.

ಬಾಟಲಿ ಇಡುವ ಜಾಗದಲ್ಲೇ, ಫ್ರಿಜ್ಜಾದರೆ ಅದರ ಬಾಗಿಲಿಗೆ, ಒಂದು ಹಾಳೆ ಅಂಟಿಸಿ. ಎಡಕ್ಕೆ ತಾರೀಖು, ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮನೆ ಎಳೆಯಿರಿ. ಒಂದು ಡೋಸಿಗೆ ಎಷ್ಟು ಮಿ.ಲೀ. ಎಂಬುದನ್ನು ಅಜ್ಜಿಗೂ ಕಾಣುವಷ್ಟು ದೊಡ್ಡದಾಗಿ ಬರೆಯಿರಿ. ಕೊಟ್ಟವರು ಕೊಟ್ಟ ಸಮಯವನ್ನು ಆ ಮನೆಯಲ್ಲಿ ಬರೆಯಲಿ, ಖಾಲಿ ಗುರುತು ಸಾಲದು. ಪೆನ್ನನ್ನು ದಾರದಲ್ಲಿ ಅಲ್ಲೇ ಕಟ್ಟಿಡಿ, ಹುಡುಕುವಂತಾದರೆ ಯಾರೂ ಬರೆಯುವುದಿಲ್ಲ.